ಮನೆ ಕಟ್ಟಿ ನೋಡಿದ್ದಾಯ್ತು, ಈಗ ಮಾರಿ ನೋಡು!

ದಲಾಲರ ಅವಸರ, ವಕೀಲರ 'ನಾಳೆ ಬರ್ರಿ', ಓದಲು ಬಾರದ ಮರಾಠಿ ಖರೇದಿ ಖತ... ಗಡಿ ಕನ್ನಡಿಗರ ಗೋಳು

ಸೋಲಾಪುರ: 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರಿಗೆ ಕಟ್ಟಿದ ಮನೆಯನ್ನು ಮಾರುವ ಪ್ರಸಂಗ ಬಂದಿರಲಿಕ್ಕಿಲ್ಲ. ಬಂದಿದ್ದರೆ ಗಾದೆಗೆ ಮೂರನೇ ಮಾತೊಂದು ಖಂಡಿತ ಸೇರುತ್ತಿತ್ತು.

ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲ್ಲೂಕುಗಳ ಕನ್ನಡ ಕುಟುಂಬಗಳು ಹಳ್ಳಿ ಮನೆ ಮಾರಿ ಸೋಲಾಪುರದಲ್ಲಿ ಎರಡು ಖೋಲಿ ಹಿಡಿಯುವುದು ಹೊಸದೇನಲ್ಲ. ಮಕ್ಕಳ ಕಾಲೇಜು, ಮುದುಕರ ದವಾಖಾನೆ, ಬತ್ತಿದ ಬಾವಿ, ಕಾರಣ ನೂರೆಂಟು. ಹೊಸದಾಗಿರುವುದು ಏನೆಂದರೆ ನಡುವೆ ನಿಂತವರ ಸಂಖ್ಯೆ. ಹಿಂದೆ ಊರ ಹಿರಿಯರು ಕಟ್ಟೆಗೆ ಕೂತು ರೇಟು ಮುರಿಯುತ್ತಿದ್ದರು. ಈಗ ಹಳ್ಳಿಯಲ್ಲೊಬ್ಬ ಏಜೆಂಟ, ಶಹರದಲ್ಲೊಬ್ಬ ಏಜೆಂಟ, ಅವನಿಗೆ ಗುರುತಿನ ವಕೀಲರು, ವಕೀಲರಿಗೆ ಗುರುತಿನ ಬಾಂಡ್ ರೈಟರು. ಎಲ್ಲರಿಗೂ ಫೀ ಉಂಟು. ಮಾತು ತಪ್ಪಿದರೆ ಮಾತ್ರ ಯಾರೂ ಸಿಗುವುದಿಲ್ಲ.

ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರ ಕಥೆಯನ್ನೇ ನೋಡಿ. ಹೆಸರು ಹಾಕಬೇಡಿ ಎಂದಿದ್ದಾರೆ, 'ಮಂದಿ ನಗತಾರ' ಎಂಬ ಸಂಕೋಚ. ಹೆಂಡತಿಯ ಮೊಣಕಾಲು ನೋವಿಗೆ ಶಹರದ ಡಾಕ್ಟರೇ ಗತಿಯಾದ್ದರಿಂದ ಊರ ಮನೆಯನ್ನು 11 ಲಕ್ಷಕ್ಕೆ ಮಾರಿ, ಪಿಂಚಣಿ ಗಂಟು ಸೇರಿಸಿ, ಸೋಲಾಪುರದಲ್ಲಿ 26 ಲಕ್ಷದ ರೋ ಹೌಸ್ ಕೊಳ್ಳುವ ಲೆಕ್ಕಾಚಾರ ಅವರದು. ಮೂರು ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸ ಹನ್ನೊಂದು ತಿಂಗಳು ಹಿಡಿಯಿತು.

ಮೊದಲು ಇಸಾರ, ಆಮೇಲೆ ವಿಚಾರ

ನಮ್ಮ ಕಡೆ ಸಂಚಕಾರ ಅನ್ನುವುದನ್ನು ಇಲ್ಲಿ ಇಸಾರ ಅನ್ನುತ್ತಾರೆ. ಏಜೆಂಟರ ಬಾಯಲ್ಲಿ ಅದು ಟೋಕನ್. 'ಪುಣೆದ ಪಾರ್ಟಿ ನಾಳೆ ಬರ್ಲಿಕ್ಕತ್ತದ ಮಾಸ್ತರ, ಇವತ್ತ ಟೋಕನ್ ಕೊಟ್ರ ಮನಿ ನಿಮ್ದು' ಎಂಬ ಒಂದೇ ಮಾತಿಗೆ ಮಾಸ್ತರರು 2 ಲಕ್ಷ ರೂಪಾಯಿ ನಗದು ಎಣಿಸಿಕೊಟ್ಟರು. ಪುಣೆಯ ಪಾರ್ಟಿ ಎಲ್ಲ ಏಜೆಂಟರ ಹತ್ತಿರವೂ ಇರುತ್ತದೆ. ಅದನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ.

ಕೊಟ್ಟದ್ದಕ್ಕೆ ಸಿಕ್ಕಿದ್ದು ಸ್ಟ್ಯಾಂಪ್ ಕಾಗದದ ಮೇಲೆ ಬರೆದ ಒಂದು ಇಸಾರ ಪಾವತಿ. ಮೂರು ತಿಂಗಳಲ್ಲಿ ಖರೇದಿ ಆಗದಿದ್ದರೆ ಇಸಾರ ಜಪ್ತಿ ಎಂದು ಅದರಲ್ಲಿತ್ತು. ಮಾರುವವನೇ ಹಿಂದೆ ಸರಿದರೆ ಏನು ಎಂಬ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನೋಂದಣಿಯಂತೂ ಇಲ್ಲವೇ ಇಲ್ಲ.

ನಗದು ಕೊಡುವ ಮುನ್ನ ಒಂದು ಮಾತು ಯಾರಾದರೂ ಹೇಳಬೇಕಿತ್ತು. ಸ್ಥಿರ ಆಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದಲೇ ನಿರ್ಬಂಧ ಹಾಕಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಾಸ್ತರರು ಶಹರದಲ್ಲಿ ಕೊಳ್ಳುವವರು, ಊರಲ್ಲಿ ಮಾರುವವರು. ಊರ ಮನೆಗೆ ಅವರೂ ಒಂದೂವರೆ ಲಕ್ಷ ನಗದು ಇಸಾರ ಪಡೆದಿದ್ದರು! ಎರಡೂ ಕಡೆಯ ಏಜೆಂಟರು ಇದನ್ನು ಅರಿಯದವರೇನಲ್ಲ. ಚೆಕ್ಕಿನಲ್ಲಿ ಹಣ ಹೋದರೆ ಕಮಿಷನ್ ಕೂಡ ಬೆಳಕಿಗೆ ಬರುತ್ತದೆ, ಅಷ್ಟೇ ವಿಷಯ.

ನಮೂನಾ 8 ಅಂದರೆ ಮಾಲಕಿಯಲ್ಲ

ಊರ ಮನೆ ಇರುವುದು ಗಾವಠಾಣದಲ್ಲಿ. ಹೊಲಕ್ಕಿದ್ದಂತೆ ಅದಕ್ಕೆ ಸಾತಬಾರಾ ಉತಾರ ಇಲ್ಲ. ಗ್ರಾಮ ಪಂಚಾಯಿತಿಯ ನಮೂನಾ 8ರಲ್ಲಿ ತಂದೆಯ ಹೆಸರು. ತಂದೆ ತೀರಿಕೊಂಡದ್ದು 1998ರಲ್ಲಿ. 'ಮನೆಪಟ್ಟಿ ನಾನಽ ತುಂಬಲಿಕ್ಕತ್ತೀನಿ, ಮತ್ತೇನ ಬೇಕು?' ಎಂಬುದು ಮಾಸ್ತರರ ವಾದ. ಹಳ್ಳಿಯ ಹತ್ತು ಮನೆಯಲ್ಲಿ ಎಂಟರ ವಾದವೂ ಇದೇ.

ಆದರೆ ನಮೂನಾ 8 ಕರ ಆಕಾರಣೆಯ ಕಾಗದ, ಮಾಲಕಿ ಸಿದ್ಧಪಡಿಸುವ ಕಾಗದವಲ್ಲ. ಈ ಕೊರತೆ ತುಂಬಲೆಂದೇ ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಆರಂಭಿಸಿ, ಡ್ರೋನ್ ಹಾರಿಸಿ ಗಾವಠಾಣಗಳ ನಕಾಶೆ ತೆಗೆದು ಆಸ್ತಿ ಪತ್ರ ಕೊಡಲು ಹೊರಟಿತು. ಕಾರ್ಡ್ ಬಂದ ಊರುಗಳಲ್ಲಿ ಖರೀದಿದಾರನ ವಕೀಲರು ಕೇಳುವ ಮೊದಲ ಕಾಗದ ಅದೇ. ಬಾರದ ಊರುಗಳಲ್ಲಿ ಹಳೇ ಖರೇದಿ ಖತ ಹುಡುಕಬೇಕು. ಅಕ್ಕಲಕೋಟ ಸಂಸ್ಥಾನದ ಕಾಲದ ಕಾಗದವಾದರೆ ಮೋಡಿ ಲಿಪಿ. ಅದನ್ನು ಓದುವವರನ್ನು ಹುಡುಕುವುದೇ ಇನ್ನೊಂದು ಕೆಲಸ.

ತಂದೆಯ ಹೆಸರಲ್ಲಿದ್ದ ಮನೆಗೆ ಮಗನಷ್ಟೇ ಹೆಣ್ಣುಮಕ್ಕಳೂ ವಾರಸುದಾರರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಪಾಲಿದೆ. ಪಿತ್ರಾರ್ಜಿತದಲ್ಲೂ ಮಗಳು ಹುಟ್ಟಿನಿಂದಲೇ ಪಾಲುದಾರಳು ಎಂದು 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಮಾಸ್ತರರಿಗೆ ಇಬ್ಬರು ತಂಗಿಯರು, ಒಬ್ಬರು ಇಂಡಿ ತಾಲ್ಲೂಕಿಗೆ ಕೊಟ್ಟವರು, ಇನ್ನೊಬ್ಬರು ಆಳಂದ ತಾಲ್ಲೂಕಿಗೆ. ಇಬ್ಬರೂ ಗಡಿಯಾಚೆ.

'ನೂರು ರೂಪಾಯಿ ಸ್ಟ್ಯಾಂಪಿನ ಮ್ಯಾಲ ಬರಸ್ಕೊಂಡ ನೋಟರಿ ಮಾಡಸ್ರಿ, ಸಾಕು' ಎಂದ ಊರ ಏಜೆಂಟ. ಇಬ್ಬರು ತಂಗಿಯರೂ ಬಂದು, ಸಹಿ ಮಾಡಿ, ಹೋಳಿಗೆ ಉಂಡು ಹೋದರು. ಎರಡು ತಿಂಗಳ ಮೇಲೆ ಖರೀದಿದಾರನ ವಕೀಲರು ಆ ಕಾಗದ ನೋಡಿ ಬದಿಗಿಟ್ಟರು. ಸ್ಥಿರ ಆಸ್ತಿಯ ಹಕ್ಕು ಬಿಡುವ ಪತ್ರ, ಅಂದರೆ ಹಕ್ಕಸೋಡ ಪತ್ರ, 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಆಗಲೇಬೇಕು. ನೋಟರಿಯ ಕೆಂಪು ಮೊಹರು ಎಷ್ಟು ದೊಡ್ಡದಿದ್ದರೂ ಹಕ್ಕು ಹೋಗುವುದಿಲ್ಲ. ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಹಣ ಪಡೆಯದೆ ಪಿತ್ರಾರ್ಜಿತದ ಹಕ್ಕು ಬಿಡುವ ಪತ್ರಕ್ಕೆ ಮುದ್ರಾಂಕ ಶುಲ್ಕವೇನೂ ಭಾರಿಯಲ್ಲ. ಮಹಾರಾಷ್ಟ್ರದಲ್ಲಿ 200 ಇದ್ದದ್ದು 2024ರ ಅಕ್ಟೋಬರದಲ್ಲಿ 500 ಆಯಿತು. ಅಷ್ಟಕ್ಕೆ ಮುಗಿಯುವ ಕೆಲಸಕ್ಕೆ ನೋಟರಿ ದಾರಿ ತೋರಿಸಿ ಎರಡು ತಿಂಗಳು ನುಂಗಿದರು.

ಎರಡನೇ ಸಲ ಕರೆದಾಗ ಹೋಳಿಗೆಯ ರುಚಿ ಬೇರೆಯಾಗಿತ್ತು. ಇಂಡಿಯ ತಂಗಿ ಬಂದರು. ಆಳಂದದ ತಂಗಿ, 'ಅಣ್ಣಾ, ನನ್ನ ಮಗಳ ಲಗ್ನ ಅದ. ನೀ ಹನ್ನೊಂದು ಲಕ್ಷಕ್ಕ ಮಾರ್ಲಿಕ್ಕತ್ತೀದಿ ಅಂತ ಈಗ ಗೊತ್ತಾತು. ನನ್ನ ಪಾಲು ಏನ ಮಾಡ್ತೀ?' ಎಂದು ಕೇಳಿದರು. ಇದನ್ನು ಏಜೆಂಟರು 'ತಂಗಿ ಅಡ್ಡ ಬಂದ್ಲು' ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅಡ್ಡ ಬರುವುದೆಂದರೇನು? ಮೊದಲ ದಿನವೇ ಬೆಲೆ ಹೇಳಿ, ಪಾಲು ಕೇಳಿ, ಬಿಡುತ್ತೀಯಾ ಎಂದು ವಿಚಾರಿಸಿದ್ದರೆ ಅದು ಮನೆಯ ಮಾತಾಗಿಯೇ ಮುಗಿಯುತ್ತಿತ್ತು. ಕೊನೆಗೆ ಮಾಸ್ತರರು 3 ಲಕ್ಷ ಚೆಕ್ ಕೊಟ್ಟು, ಖರೇದಿ ಖತದಲ್ಲೇ ತಂಗಿಯನ್ನೂ ಮಾರುವವರಾಗಿ ಸೇರಿಸಿದರು. ಈಗಲೂ ಅಣ್ಣತಂಗಿಗೆ ಮಾತುಂಟು. ಮೊದಲಿನಷ್ಟಿಲ್ಲ.

ಒಂದೇ ಹೆಂಗಸು, ಮೂರು ಹೆಸರು

ಗಡಿ ದಾಟಿದ ಹೆಣ್ಣುಮಕ್ಕಳ ಕಾಗದಗಳದು ಬೇರೆಯೇ ಪುರಾಣ. ಮಹಾರಾಷ್ಟ್ರದ ಶಾಲಾ ದಾಖಲೆಯಲ್ಲಿ ಹೆಸರು, ತಂದೆ ಹೆಸರು, ಅಡ್ಡಹೆಸರು. ಮದುವೆಯಾಗಿ ಕರ್ನಾಟಕಕ್ಕೆ ಹೋದ ಮೇಲೆ ಆಧಾರದಲ್ಲಿ ಹೆಸರು ಮತ್ತು ಗಂಡನ ಹೆಸರು ಮಾತ್ರ. ಪಡಿತರ ಚೀಟಿಯಲ್ಲಿ ಅತ್ತೆಮನೆಯವರು ಕರೆಯುವ ಹೆಸರು. ವಾರಸಾ ದಾಖಲೆಯಲ್ಲಿರುವ ಹೆಂಗಸೂ ಮುಂದೆ ನಿಂತಿರುವ ಹೆಂಗಸೂ ಒಬ್ಬರೇ ಎಂದು ತೋರಿಸಲು ಪ್ರತಿಜ್ಞಾಪತ್ರ, ಮದುವೆ ದಾಖಲೆ, ಶಾಲೆ ಬಿಟ್ಟ ದಾಖಲೆ ಎಲ್ಲ ಬೇಕು. ಇದನ್ನು ಮೊದಲ ದಿನವೇ ಹೇಳುವ ವಕೀಲರು ಅಪರೂಪ. ಪ್ರತಿ ಭೇಟಿಗೆ ಒಂದೊಂದು ಕಾಗದ ಹೇಳುವವರೇ ಹೆಚ್ಚು. ಆಳಂದದಿಂದ ಸೋಲಾಪುರಕ್ಕೆ ಪ್ರತಿ ಸಲ ಬಂದು ಹೋಗುವವರ ಕೂಲಿಯನ್ನು ಯಾರು ಲೆಕ್ಕ ಹಿಡಿಯುತ್ತಾರೆ?

ಬರಲಾಗದವರು ಕುಲಮುಖತ್ಯಾರ ಪತ್ರ ಕೊಡಬಹುದು. ಅದನ್ನು ಅವರು ವಾಸಿಸುವ ಊರಿನ ಸಬ್ ರಜಿಸ್ಟ್ರಾರರ ಎದುರು ಮಾಡಿಸಬೇಕು. ಕರ್ನಾಟಕದ ಸ್ಟ್ಯಾಂಪಿನ ಮೇಲೆ ಆದದ್ದನ್ನು ಇಲ್ಲಿಗೆ ತಂದ ಮೂರು ತಿಂಗಳೊಳಗೆ ಮಹಾರಾಷ್ಟ್ರದ ದರಕ್ಕೆ ಕಡಿಮೆ ಬಿದ್ದ ಮುದ್ರಾಂಕ ತುಂಬಿಸಬೇಕು. ಇದು ತಪ್ಪಿದ್ದರಿಂದಲೇ ರಜಿಸ್ಟ್ರಾರ ಆಫೀಸಿನ ಬಾಗಿಲಿನಿಂದ ಮರಳಿದವರಿದ್ದಾರೆ. ಅಂದಹಾಗೆ ಮುಖತ್ಯಾರ ಪತ್ರವನ್ನೇ ಖರೀದಿ ಎಂದು ನಂಬಿಸಿ ಪ್ಲಾಟು ಮಾರುವವರೂ ಇದ್ದಾರೆ. ಅದರಿಂದ ಮಾಲಕಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಲಿಹೂನ ದೇಣಾರ ಯಾರು?

ಇತ್ತ ಶಹರದ ರೋ ಹೌಸಿನ ಕಥೆ. ಏಜೆಂಟನೇ ಕರೆತಂದ ವಕೀಲರು, ಮಾರುವವನಿಗೂ ಅವರೇ, ಕೊಳ್ಳುವವನಿಗೂ ಅವರೇ. 'ಇಬ್ಬರಿಗೂ ಖರ್ಚು ಉಳೀತದ' ಎಂಬ ಸಮಜಾಯಿಷಿ. ಖರೇದಿ ಖತದ ಕರಡು ಮಾಸ್ತರರ ಕೈಗೆ ಬಂದದ್ದು ನೋಂದಣಿಯ ಹಿಂದಿನ ರಾತ್ರಿ, ವಾಟ್ಸಾಪಿನಲ್ಲಿ, 28 ಪುಟ.

ಮಾಸ್ತರರಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ಬಾಜಾರದ ಮರಾಠಿ ಬೇರೆ, ಖರೇದಿ ಖತದ ಮರಾಠಿ ಬೇರೆ. ಅದರಲ್ಲಿ 'ಲಿಹೂನ ದೇಣಾರ' ಎಂದರೆ ಬರೆದು ಕೊಡುವವ, ಅಂದರೆ ಮಾರುವವ. 'ಲಿಹೂನ ಘೇಣಾರ' ಎಂದರೆ ಬರೆಸಿಕೊಳ್ಳುವವ, ಕೊಳ್ಳುವವ. 'ಚತುಃಸೀಮಾ' ನಮ್ಮ ಚಕ್ಕುಬಂದಿ. 'ಬೋಜಾ' ಎಂದರೆ ಆಸ್ತಿಯ ಮೇಲಿನ ಸಾಲ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಎಷ್ಟೋ ತಾಯಂದಿರು ಈ ಶಬ್ದಗಳ ಕೆಳಗೆ ಅರ್ಥ ತಿಳಿಯದೆ ಸಹಿ ಹಾಕಿದವರೇ.

ಕಾನೂನಿನಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. ನೋಂದಣಿ ಅಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಬಳಕೆಯಲ್ಲೂ ಇಲ್ಲದ ಭಾಷೆಯ ಪತ್ರವಾದರೆ ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ಸರಿಯಾದ ಅನುವಾದ ಲಗತ್ತಿಸಿ ನೋಂದಾಯಿಸಬಹುದೆಂದು ನೋಂದಣಿ ಕಾಯಿದೆಯ 19ನೇ ಕಲಮು ಹೇಳುತ್ತದೆ. ಕನ್ನಡದಲ್ಲಿ ಖತ ಬರೆಸಿ ಈ ದಾರಿ ಹಿಡಿಯಿರಿ ಎಂದು ಹೇಳುವುದು ಸುಲಭ, ಮಾಡುವವರು ಯಾರು? ಹಾಗೆ ನೋಡಿದರೆ ಇನ್ನೊಂದು ಸರಳ ದಾರಿಯಿದೆ. ಎಂಟು ದಿನ ಮುಂಚೆ ಕರಡು ಕೇಳುವುದು, ಮರಾಠಿ ಮಾಧ್ಯಮದಲ್ಲಿ ಓದಿದ ಮೊಮ್ಮಗನಿಂದ ಓದಿಸಿ ಕನ್ನಡದಲ್ಲಿ ಕೇಳಿಸಿಕೊಳ್ಳುವುದು. ಮಾಸ್ತರರ ಮೊಮ್ಮಗಳು ರಾತ್ರಿ ಹನ್ನೊಂದಕ್ಕೆ ಓದುತ್ತ ಕುಳಿತಾಗಲೇ ಪಶ್ಚಿಮದ ಗೋಡೆ ಸಾಮಾಯಿಕ, ಪಾರ್ಕಿಂಗ್ ಜಾಗ ಖತದಲ್ಲಿ ಇಲ್ಲ ಎಂದು ಗೊತ್ತಾದದ್ದು. ಹದಿನೈದು ವರ್ಷದ ಹುಡುಗಿಗೆ ಕಂಡದ್ದು ವಕೀಲರಿಗೆ ಕಾಣಲಿಲ್ಲವೋ, ಹೇಳಲಿಲ್ಲವೋ... ಮರುದಿನದ ನೋಂದಣಿ ನಿಂತಿತು. ಏಜೆಂಟ ಸಿಟ್ಟಾದ.

ಕಲಬುರಗಿಯ ಬೀಗರು ಫೋನಿನಲ್ಲಿ 'ಇಸಿ ತೆಗಿಸೀರೇನ್ರಿ?' ಎಂದು ಕೇಳಿದ್ದು ಇನ್ನೊಂದು ಗೊಂದಲ. ಕರ್ನಾಟಕದಲ್ಲಿ ಋಣಭಾರ ಪತ್ರ ತೆಗೆಸುವುದು ರೂಢಿ. ಇಲ್ಲಿನ ರೂಢಿಯಲ್ಲಿ ವಕೀಲರು ನೋಂದಣಿ ಕಚೇರಿಯ ಸೂಚಿ 2 ಪುಸ್ತಕ ಶೋಧಿಸಿ ಸರ್ಚ್ ರಿಪೋರ್ಟ್ ಬರೆಯುತ್ತಾರೆ, ಸಾಮಾನ್ಯವಾಗಿ 30 ವರ್ಷದ್ದು. ಹಳೆಯ ವರ್ಷಗಳದ್ದನ್ನು ಕೈಯಿಂದಲೇ ಪುಟ ತಿರುವಿ ನೋಡಬೇಕು. ಆದ್ದರಿಂದ ರಿಪೋರ್ಟ್ ಕೈಗೆ ಬಂದಾಗ ನೋಡಬೇಕಾದ್ದು ಒಂದೇ, ಎಷ್ಟು ವರ್ಷ ಶೋಧಿಸಿದ್ದಾರೆ, ಶೋಧ ಶುಲ್ಕದ ಸರ್ಕಾರಿ ಪಾವತಿ ಜೋಡಿಸಿದೆಯೇ. ಮಾಸ್ತರರಿಗೆ ಸಿಕ್ಕ ರಿಪೋರ್ಟಿನಲ್ಲಿ ಪಾವತಿ ಇರಲಿಲ್ಲ. ಕೇಳಿದಾಗ 'ಫೈಲಿನೊಳಗ ಅದ' ಎಂದರು. ಆ ಫೈಲು ಇಂದಿಗೂ ಹೊರಬಂದಿಲ್ಲ.

ಎರಡು ಲಕ್ಷ ಹತ್ತು ಸಾವಿರದ ಲೆಕ್ಕ

'ಎಲ್ಲಾ ಕೂಡಿ ಎರಡು ಲಕ್ಷ ಹತ್ತು ಸಾವಿರ ತಗೊಂಡ ಬರ್ರಿ' ಎಂದಿದ್ದ ಏಜೆಂಟ. ಎಲ್ಲಾ ಎಂದರೆ ಏನೇನು ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಲೆಕ್ಕ ಹಾಕಿ ನೋಡೋಣ. ಮಹಾನಗರಪಾಲಿಕೆ ಹದ್ದಿನಲ್ಲಿ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಮೇಲೆ ಸ್ಥಳೀಯ ಅಧಿಭಾರ 1 ಪರ್ಸೆಂಟ್. 26 ಲಕ್ಷಕ್ಕೆ 1,56,000 ರೂಪಾಯಿ. ನೋಂದಣಿ ಫೀ 1 ಪರ್ಸೆಂಟ್, ಗರಿಷ್ಠ 30 ಸಾವಿರ, ಇಲ್ಲಿ 26,000. ಒಟ್ಟು 1,82,000. ಪುಟದ ಲೆಕ್ಕದಲ್ಲಿ ದಸ್ತು ಹಾತಾಳಣಿ ಶುಲ್ಕ ಒಂದೆರಡು ಸಾವಿರದೊಳಗೆ. ವಕೀಲರ ಫೀಯನ್ನು ಮಾಸ್ತರರು ಬೇರೆ ಕೊಟ್ಟಿದ್ದರು, ಏಜೆಂಟನ ಕಮಿಷನ್ನೂ ಬೇರೆ. ಹಾಗಿದ್ದರೆ ಉಳಿದ 26 ಸಾವಿರ? 'ಆಫೀಸ್ ಖರ್ಚ' ಎಂಬ ಉತ್ತರ ಬಂತು. ಯಾವ ಆಫೀಸು ಎಂದು ಕೇಳುವ ಧೈರ್ಯ ಮಾಸ್ತರರಿಗಾಗಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನುಂಗಬಹುದಿತ್ತು. ಕೊಳ್ಳುವವರೆಲ್ಲ ಮಹಿಳೆಯರೇ ಆಗಿದ್ದರೆ ವಸತಿ ಮನೆಗೆ ಮಹಾರಾಷ್ಟ್ರ ಸರ್ಕಾರ 2021ರ ಏಪ್ರಿಲ್‌ನಿಂದ ಮುದ್ರಾಂಕದಲ್ಲಿ 1 ಪರ್ಸೆಂಟ್ ರಿಯಾಯಿತಿ ಕೊಡುತ್ತಿದೆ. ಹಾಗೆ ಕೊಂಡದ್ದನ್ನು ಹದಿನೈದು ವರ್ಷ ಗಂಡಸರಿಗೆ ಮಾರುವಂತಿಲ್ಲ ಎಂಬ ಕಟ್ಟಳೆಯನ್ನೂ 2023ರಲ್ಲಿ ತೆಗೆಯಿತು. ಮನೆ ಕೊಳ್ಳುವುದು ಹೆಂಡತಿಯ ಮೊಣಕಾಲಿನ ಸಲುವಾಗಿ. ಅವರೊಬ್ಬರ ಹೆಸರಿಗೇ ಕೊಂಡಿದ್ದರೆ 26,000 ರೂಪಾಯಿ ಉಳಿಯುತ್ತಿತ್ತು, ಅವರ ಹೆಸರಿಗೊಂದು ಮನೆಯೂ ಆಗುತ್ತಿತ್ತು. ಇಬ್ಬರು ಏಜೆಂಟರು, ಇಬ್ಬರು ವಕೀಲರು, ಒಬ್ಬ ಬಾಂಡ್ ರೈಟರ, ಐದು ಮಂದಿಯಲ್ಲಿ ಒಬ್ಬರ ಬಾಯಿಂದಲೂ ಈ ಮಾತು ಬರಲಿಲ್ಲ. ನೋಂದಣಿ ಆದ ಮೇಲೆ ಪಕ್ಕದ ಮನೆಯ ಬ್ಯಾಂಕ್ ನೌಕರ ಹೇಳಿದಾಗ ತಿಳಿಯಿತು.

ಇಸಾರದ ಮೂರು ತಿಂಗಳು ಮುಗಿದು ಆಗಲೇ ಎಷ್ಟೋ ದಿನವಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಊರ ಮನೆಯ ಹಣ ಬಾರದೆ ಇಲ್ಲಿ ಖರೀದಿ ಆಗದು. ಮಾರುವವ ಇಸಾರ ಜಪ್ತಿ ಮಾಡುತ್ತೇನೆಂದು ಕುಳಿತ. ಮುದತ್ತು ಬೆಳೆಸಲು 50 ಸಾವಿರ ಹೆಚ್ಚಿಗೆ ಕೊಟ್ಟು ಮಾಸ್ತರರು 2 ಲಕ್ಷ ಉಳಿಸಿಕೊಂಡರು.

ದೂರು ಎಲ್ಲಿ ಕೊಡಬೇಕು?

ಏಜೆಂಟರಿಗೆ ರೇರಾ ಇದೆಯಲ್ಲ ಎನ್ನುತ್ತಾರೆ. ಇದೆ, ಆದರೆ ಎಲ್ಲ ಕಡೆಗಲ್ಲ. 2016ರ ಈ ಕಾಯಿದೆಯ ಪ್ರಕಾರ ನೋಂದಾಯಿತ ಯೋಜನೆಗಳ ಪ್ಲಾಟು, ಫ್ಲಾಟು ಮಾರಿಸುವ ಏಜೆಂಟ ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ಮಹಾರಾಷ್ಟ್ರ ರೇರಾ 2023ರಲ್ಲಿ ಅವರಿಗೆ ಪರೀಕ್ಷೆ ಪಾಸಾಗುವುದನ್ನೂ ಕಡ್ಡಾಯ ಮಾಡಿತು. ಆದರೆ 500 ಚದರ ಮೀಟರ್ ಮೀರದ ಜಾಗಕ್ಕೆ, ಎಂಟು ಮನೆ ಮೀರದ ಕಟ್ಟಡಕ್ಕೆ ಯೋಜನೆಯ ನೋಂದಣಿಯೇ ಬೇಡ. ಒಬ್ಬರು ಇನ್ನೊಬ್ಬರಿಗೆ ಮಾರುವ ಹಳೇ ಮನೆಯೂ ಅದರ ಕೈಗೆ ಸಿಗುವುದಿಲ್ಲ. ಗಾವಠಾಣದ ಮನೆ ಮಾರಿಸಿದ ಊರ ಏಜೆಂಟನಿಗೆ ಯಾವ ಪರೀಕ್ಷೆ? ಅವನ ಬೋರ್ಡು ಕಿರಾಣಿ ಅಂಗಡಿಯದು.

ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿತು. ದುರ್ವರ್ತನೆಯ ದೂರನ್ನು ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿಗೆ ಕೊಡಬೇಕು. ಕಮಿಷನ್ ಪಡೆದ ಏಜೆಂಟನ ವಿರುದ್ಧ ಮಾತ್ರ ಜಿಲ್ಲಾ ಗ್ರಾಹಕ ಆಯೋಗದ ದಾರಿ ತೆರೆದಿದೆ. ಅದಕ್ಕೂ ಪಾವತಿ ಬೇಕು. ಕೈಯಲ್ಲಿ ನಗದು ಎಣಿಸಿ, ಬಾಯಲ್ಲಿ ಮಾತು ಮುಗಿಸಿದವರು ಏನು ತೋರಿಸುತ್ತಾರೆ?

ಎಲ್ಲ ವಕೀಲರೂ ಹೀಗೆ ಎಂದರೆ ತಪ್ಪಾದೀತು. ಊರ ಮನೆಯ ಖರೀದಿದಾರನ ವಕೀಲರು ನೋಟರಿ ಕಾಗದ ತಿರಸ್ಕರಿಸಿದಾಗ ಮಾಸ್ತರರು ಬೈದುಕೊಂಡದ್ದುಂಟು. ಈಗ ಅವರೇ, 'ಆತಗ ನಾ ಕೈ ಮುಗೀಬೇಕ್ರಿ, ಇಲ್ಲಂದ್ರ ನನ್ನ ಹಿಂದ ಮಕ್ಕಳು ಕೋರ್ಟಿಗಿ ಅಡ್ಡಾಡ್ತಿದ್ರು' ಎನ್ನುತ್ತಾರೆ. ಅದೇ ವಕೀಲರು ಮೊದಲ ಭೇಟಿಯಲ್ಲೇ ಬೇಕಾದ ಕಾಗದಗಳ ಯಾದಿಯನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದರಂತೆ. ಆ ಹಾಳೆ ಊರ ಏಜೆಂಟನ ಕಿಸೆಯಲ್ಲೇ ಎರಡು ತಿಂಗಳು ಉಳಿದಿತ್ತು.

ಖರೇದಿ ಖತ ನೋಂದಣಿಯಾಗಿ, ಮಾಸ್ತರ ದಂಪತಿ ರೋ ಹೌಸಿಗೆ ಬಂದು ಸಂಸಾರ ಹೂಡಿದ್ದಾರೆ. ಇನ್ನು ಉಳಿದದ್ದು ಫೇರಫಾರ, ಅಂದರೆ ದಾಖಲೆಯಲ್ಲಿ ಹೆಸರು ಏರಿಸುವ ಕೆಲಸ. ಸಂಬಂಧಪಟ್ಟವರಿಗೆ ನೋಟಿಸ್ ಹೊರಡಬೇಕು, ತಕರಾರಿಗೆ 15 ದಿನ ಕಾಯಬೇಕು. ನೋಟಿಸ್ ಹೊರಟಿತೇ ಎಂದು ವಕೀಲರ ಆಫೀಸಿಗೆ ಮಾಸ್ತರರು ಮೂರು ಸಲ ಹೋಗಿ ಬಂದರು. ಫೀಯಲ್ಲಿ ಇದು ಸೇರಿಲ್ಲ ಎಂದರಂತೆ. ನಾಲ್ಕನೇ ಸಲ ಅವರು ವಕೀಲರ ಕಡೆ ಹೋಗದೆ ಸೀದಾ ಸಿಟಿ ಸರ್ವೆ ಕಚೇರಿಗೆ ಹೋಗಿ, ಸೂಚಿ 2ರ ನಕಲು ಜೋಡಿಸಿ, ತಾವೇ ಅರ್ಜಿ ಬರೆದುಕೊಟ್ಟು, ಪೋಚಪಾವತಿ ಹಾಕಿಸಿಕೊಂಡು ಬಂದಿದ್ದಾರೆ.